ಸರ್ವರ್-ಡೌನ್ ಮೀಮಾಂಸೆ

ಈ ಪ್ರಬಂಧದ ವ್ಯಾಪ್ತಿ ಮೂರು ಊರು: ರಾಯಚೂರು, ದೇವದುರ್ಗ, ಮಾನ್ವಿ. ಕಾಲ: ಚೀಟಿ ಕೌಂಟರ್ ತೆರೆದಲ್ಲಿಂದ ಕರೆಂಟ್ ಹೋಗುವವರೆಗೆ. ಆಕರಗಳು: ಚೀಟಿ, ಸೀಲು, ಎಕ್ಸ್‌ರೇ ಫಿಲ್ಮು, ಆಶಾ ಕಾರ್ಯಕರ್ತೆಯರ ಡೈರಿ ಮತ್ತು ಸಾಲಿನಲ್ಲಿ ನಿಂತವರ ಬೈಗುಳ. ಬೈಗುಳವನ್ನು ಶಬ್ದಪ್ರಮಾಣವೆಂದು ಒಪ್ಪಬಹುದೇ ಎಂಬ ಬಗ್ಗೆ ಪಂಡಿತರಲ್ಲಿ ಭಿನ್ನಮತವಿದೆ. ಸಾಲಿನಲ್ಲಿ ಒಂದು ತಾಸು ನಿಂತ ಪಂಡಿತರೆಲ್ಲ ಒಪ್ಪಿದ್ದಾರೆ.

ಮೊದಲ ಸೂತ್ರ ದಿಲ್ಲಿಯದು: ಒಬ್ಬ ರೋಗಿಗೆ ಒಂದು ಸಂಖ್ಯೆ. 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಯಸಿದವರಿಗೆಲ್ಲ 14 ಅಂಕಿಗಳ ಆಭಾ ಸಂಖ್ಯೆ ಕೊಡುತ್ತದೆ. ಈ ಸಂಖ್ಯೆ ಹೇಳಿದರೆ ಮಾನ್ವಿಯಲ್ಲಿ ಮಾಡಿಸಿದ ರಕ್ತಪರೀಕ್ಷೆ ರಾಯಚೂರಿನ ವೈದ್ಯರ ಪರದೆಯ ಮೇಲೆ ಮೂಡಬೇಕು. ದಾಖಲೆಗಳನ್ನೆಲ್ಲ ತಂದು ಒಂದೇ ಕಡೆ ಗುಡ್ಡೆ ಹಾಕುವುದಿಲ್ಲ. ಅವು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ, ರೋಗಿ ಒಪ್ಪಿದಾಗ ಮಾತ್ರ ಆಚೆ ಹೋಗುತ್ತವೆ. ಕಲ್ಪನೆ ಚೆನ್ನಾಗಿದೆ, ಲೇಖಕನಿಗೆ ತಕರಾರಿಲ್ಲ. ಆದರೆ ಒಬ್ಬ ಮನುಷ್ಯ ಒಬ್ಬನೇ ಎಂದು ಸಾಬೀತು ಮಾಡುವುದು ಈ ಜಿಲ್ಲೆಯಲ್ಲಿ ಹಿಂದಿನಿಂದಲೂ ಪ್ರಯಾಸದ ಕೆಲಸ.

ಸಾಕ್ಷಿ ಬೇಕೇ? ದೇವಾನಾಂಪ್ರಿಯ ಎಂಬವನೊಬ್ಬ ದೇಶದ ಉದ್ದಗಲಕ್ಕೂ ಬಂಡೆಗಳ ಮೇಲೆ ದಾಖಲೆ ಬರೆಸಿ ಹೋಗಿದ್ದ. ಅಶೋಕ ಎಂಬವನೊಬ್ಬ ಬೌದ್ಧ ಗ್ರಂಥಗಳಲ್ಲಿದ್ದ. ಇವರಿಬ್ಬರೂ ಒಬ್ಬರೇ ಎಂದು ವಿದ್ವಾಂಸರು ಹೇಳುತ್ತಲೇ ಇದ್ದರು. ಕೌಂಟರಿನಲ್ಲಿ ಅದೆಲ್ಲ ನಡೆಯುವುದಿಲ್ಲ, ಎರಡೂ ಹೆಸರಿರುವ ದಾಖಲೆ ತೋರಿಸಬೇಕು. ಕೊನೆಗೆ 1915ರಲ್ಲಿ ನಮ್ಮ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಶಾಸನದಲ್ಲಿ ಎರಡೂ ಒಟ್ಟಿಗೆ ಸಿಕ್ಕವು. ಹೆಸರು ಹೊಂದಾಣಿಕೆಗೆ ಹಿಡಿದ ಅವಧಿ 2,100 ವರ್ಷಕ್ಕೂ ಮೇಲು. ಅದೂ ಅರ್ಜಿದಾರ ಚಕ್ರವರ್ತಿ! ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿಸಿದ್ದೇನೆ ಎಂದು ಬೇರೆ ಕಡೆ ಕಲ್ಲಿನ ಮೇಲೇ ಬರೆಸಿದವನು.

ಇಲ್ಲಿನ ರೈತರಿಗೆ ಬಂಡೆಯ ಅನುಕೂಲವಿಲ್ಲ. ಮೊಹರಂ ಹಬ್ಬದ ಅಲಾಯಿ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗನಿಗೆ, ಮನೆ ಯಾವ ಜಾತಿಯದೇ ಇರಲಿ, ಹುಸೇನಪ್ಪ ಎಂದು ಹೆಸರಿಡುವ ಸೀಮೆ ಇದು. ಆಧಾರ್‌ನಲ್ಲಿ ಹುಸೇನಪ್ಪ, ರೇಷನ್ ಕಾರ್ಡಿನಲ್ಲಿ ಹುಸ್ಸೇನಪ್ಪ, ಹಳೆಯ ಚೀಟಿಯಲ್ಲಿ ಉಸೇನಪ್ಪ. ಯಂತ್ರದ ಲೆಕ್ಕದಲ್ಲಿ ಮೂವರು ರೋಗಿಗಳು. ಒಬ್ಬನಿಗೆ ಸಕ್ಕರೆ ಕಾಯಿಲೆ, ಒಬ್ಬನಿಗೆ ಬಿಪಿ, ಮೂರನೆಯವನು ಆರೋಗ್ಯವಂತ. ಆಪರೇಷನ್‌ಗೆ ಮುಂಚೆ ತೆರೆದು ನೋಡುವುದು ಮೂರನೆಯವನ ಫೈಲು.

ಇನ್ನು ಕಾಲನಿರ್ಣಯ. ಜನ್ಮದಿನದ ವಿಚಾರದಲ್ಲಿ ಇಲ್ಲಿ ಎರಡು ಸಂಪ್ರದಾಯಗಳು ಪ್ರಚಲಿತವಾಗಿವೆ. ಜೂನ್-ಒಂದು ಸಂಪ್ರದಾಯದ ಮೂಲಪುರುಷ ಹೆಡ್‌ಮಾಸ್ತರ. ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ, ಎಡಗಿವಿ ಸಿಕ್ಕರೆ ಆರು ವರ್ಷ ತುಂಬಿತೆಂದು ತೀರ್ಮಾನಿಸಿ, ಶಾಲೆ ಶುರುವಾಗುವ ತಾರೀಖಿಗೆ ಅವನನ್ನು ಹುಟ್ಟಿಸಿಬಿಡುತ್ತಿದ್ದ. ಜನವರಿ-ಒಂದು ಸಂಪ್ರದಾಯ ಆಧಾರ್ ಜೊತೆಗೆ ಬಂತು. ವಯಸ್ಸಷ್ಟೇ ಹೇಳಿದವರಿಗೆ ಯಂತ್ರ ತಾನೇ ಆ ವರ್ಷದ ಮೊದಲ ದಿನವನ್ನು ದಯಪಾಲಿಸಿತು. ಶಾಲೆಗೆ ಹೋದವರು ಜೂನ್‌ನವರು, ಹೋಗದವರು ಜನವರಿಯವರು. ರಾಯಚೂರು ಸೀಮೆಯಲ್ಲಿ ಅಕ್ಷರಸ್ಥರು ಮುಂಗಾರಿಗೆ, ಅನಕ್ಷರಸ್ಥರು ಚಳಿಗೆ ಹುಟ್ಟುತ್ತಾರೆ ಎಂದು ಮುಂದೊಂದು ದಿನ ಯಾವನೋ ಇದೇ ದತ್ತಾಂಶದಿಂದ ಡಾಕ್ಟರೇಟ್ ಹೊಡೆಯುವುದು ಖಂಡಿತ. ‘ರಜಾಕಾರರ ಗದ್ಲದಾಗ ನಾ ಮೊಲಿ ಕುಡಿಯೋ ಕೂಸಿದ್ನಂತ, ನೀವೇ ನೋಡಿ ಹಾಕ್ರಿ’ ಎನ್ನುವ ಅಜ್ಜನದು ಎರಡೂ ಸಂಪ್ರದಾಯಕ್ಕಿಂತ ನಿಖರವಾದ ಉತ್ತರ. ರಜಾಕಾರರನ್ನು ಅಡಗಿಸಿದ 1948ರ ಪೊಲೀಸ್ ಕಾರ್ಯಾಚರಣೆಯನ್ನು ಬಲ್ಲ ಯಾವ ವೈದ್ಯರೂ ಅವನ ವಯಸ್ಸು ಲೆಕ್ಕ ಹಾಕಬಲ್ಲರು. ಆದರೆ ಆ ಗದ್ದಲಕ್ಕೆ ಸಾಫ್ಟ್‌ವೇರಿನಲ್ಲಿ ಖಾನೆ ಇಲ್ಲ.

ಪೂರ್ವಪಕ್ಷದವರು ಕೇಳಬಹುದು: ಮುದುಕರ ಮಾತು ಬಿಡಿ, ಈಗ ಬಸುರಿಯಾದವರ ದಾಖಲೆಯಾದರೂ ಸರಿ ಇರಬೇಕಲ್ಲ? ತಾಯಿ ಕಾರ್ಡಿದೆ, ಆರ್‌ಸಿಎಚ್ ಪೋರ್ಟಲಿನಲ್ಲಿ ಪ್ರತಿ ಗರ್ಭಿಣಿಗೂ ಸಂಖ್ಯೆಯಿದೆ. ಇದೆ. ಜೊತೆಗೆ ತವರು ಮನೆಯೂ ಇದೆ. ದೇವದುರ್ಗದ ಸೊಸೆ ಏಳನೇ ತಿಂಗಳಿಗೆ ಕುಪ್ಪಸ ಮಾಡಿಸಿಕೊಂಡು ಮಾನ್ವಿಯ ತವರಿಗೆ ಹೋಗುತ್ತಾಳೆ. ಹಳೇ ಕಾರ್ಡು ಅತ್ತೆಯ ಟ್ರಂಕಿನಲ್ಲಿ ಭದ್ರ. ತವರಿನ ಆಶಾ ಹೊಸದಾಗಿ ನೋಂದಾಯಿಸುತ್ತಾಳೆ. ಪರಿಣಾಮ, ದೇವದುರ್ಗ ತಾಲ್ಲೂಕಿನಲ್ಲಿ ಎಂದೂ ಮುಗಿಯದ ಒಂದು ಗರ್ಭ ಉಳಿಯುತ್ತದೆ. ಮಾನ್ವಿ ತಾಲ್ಲೂಕಿನಲ್ಲಿ ಮೊದಲ ಆರು ತಿಂಗಳಿಲ್ಲದ ಒಂದು ಹೆರಿಗೆಯಾಗುತ್ತದೆ. ಇಂಥ ಜನನಗಳು ಕೊಡದಲ್ಲಿ ಹುಟ್ಟಿದ ದ್ರೋಣಾಚಾರ್ಯರ ನಂತರ ನಿಂತುಹೋಗಿವೆ ಎಂದು ತಿಳಿದಿದ್ದೆವು. ಪೋರ್ಟಲ್ ಅವನ್ನು ಪುನರುಜ್ಜೀವನಗೊಳಿಸಿದೆ. ಮಹಾಭಾರತದಲ್ಲಿ ಯಾರ ಪ್ರೋತ್ಸಾಹಧನವೂ ನಿಲ್ಲಲಿಲ್ಲ, ಇಲ್ಲಿ ನಿಲ್ಲುತ್ತದೆ. ಬಿಸಿಲಲ್ಲಿ ಮನೆಮನೆ ತಿರುಗಿದ್ದು ಆಶಾ, ಸರಪಳಿ ಕಡಿದದ್ದು ತವರಿನ ಬಸ್ಸು. ಪೋರ್ಟಲ್ಲಿಗೂ ಪ್ರೋತ್ಸಾಹಧನಕ್ಕೂ ಹಾಕಿದ ಗಂಟು ಬಿಚ್ಚಿ ಎಂದು ಆಶಾ ಸಂಘಟನೆಗಳು ಕೇಳುತ್ತಾ ಬಂದದ್ದು ಸುಮ್ಮನೆ ಅಲ್ಲ.

ಈಗ ಒಪ್ಪಿಗೆಯ ಪ್ರಕರಣ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು, ಸಂದಿಗ್ಧವಿರಬಾರದು. ಹೆಸರು ಹೇಳಲಾಗದ ಒಂದು ಕೌಂಟರಿನಲ್ಲಿ ಕೇಳಿಬಂದ ಶಾಸ್ತ್ರಾರ್ಥ ಹೀಗಿದೆ:

‘ಅವ್ವಾ, ಓಟಿಪಿ ಬಂದೈತೇನು ನೋಡು.’

‘ನನ್ನ ಕಡಿ ಎಲ್ಲೈತೋ ಯಪ್ಪಾ ಫೋನು. ಮಗಂದು ನಂಬರ್ ಕೊಟ್ಟೀನಿ.’

‘ಮಗ ಎಲ್ಲದಾನ?’

‘ಬೆಂಗಳೂರಾಗ. ಗೌಂಡಿ ಕೆಲಸಕ್ಕ ಹೋಗ್ಯಾನ.’

ಫೋನ್ ಹಚ್ಚಿದರು. ಮಗ ಯಾವುದೋ ಅಪಾರ್ಟ್‌ಮೆಂಟಿನ ಸಾರವೆಯ ಮೇಲೆ, ಕೈತುಂಬ ಸಿಮೆಂಟು. ಯಾರು ಕೇಳಿದರೂ ಓಟಿಪಿ ಹೇಳಬೇಡಿ ಎಂದು ಬ್ಯಾಂಕಿನವರು ಕಳಿಸಿದ ಮೆಸೇಜನ್ನು ಚಾಚೂ ತಪ್ಪದೆ ಪಾಲಿಸುವವನು. ‘ಯಾವನಲೇ ನೀನು? ನಮ್ಮವ್ವನ ಹೆಸರು ಹೇಳಿ ಓಟಿಪಿ ಕೇಳ್ತೀಯಾ?’ ಎಂದು ಫೋನ್ ಕುಕ್ಕಿದ. ಈ ನಾಲ್ಕೂ ವಿಶೇಷಣಗಳು ಪೂರ್ಣವಾಗಿ ಅನ್ವಯಿಸಿದ್ದು ಇದೊಂದೇ ಘಟ್ಟದಲ್ಲಿ: ಮುಕ್ತ, ನಿರ್ದಿಷ್ಟ, ತಿಳಿದು ಕೊಟ್ಟ, ಲವಲೇಶವೂ ಸಂದಿಗ್ಧವಿಲ್ಲದ ನಿರಾಕರಣೆ.

ಹಾಗೆಂದು ಈ ಭಾಗಕ್ಕೆ ಒಪ್ಪಿಗೆಯ ಮೇರೆಗೆ ವರ್ಗಾಯಿಸುವ ಪದ್ಧತಿ ಹೊಸದೆಂದು ಯಾರೂ ಭಾವಿಸಬಾರದು. ಹದಿನೆಂಟನೇ ಶತಮಾನದ ಕಥೆ ನೆನೆಯಿರಿ. ಮಾನ್ವಿ ಸೀಮೆಯ ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರಿಗೆ ವಿಜಯದಾಸರ ಮನ ನೋಯಿಸಿದ್ದಕ್ಕೆ ತಾಳಲಾರದ ಹೊಟ್ಟೆಶೂಲೆ ಬಂತು. ವಿಜಯದಾಸರು ಅವರನ್ನು ಶಿಷ್ಯ ಗೋಪಾಲದಾಸರ ಹತ್ತಿರ ಕಳಿಸಿದರು. ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷವನ್ನು ಜೋಳದ ರೊಟ್ಟಿಯಲ್ಲಿಟ್ಟು ಎತ್ತಿಕೊಟ್ಟರು. ರೋಗಿ ಎದ್ದು ಜಗನ್ನಾಥದಾಸರಾದರು, ‘ಹರಿಕಥಾಮೃತಸಾರ’ ಬರೆದರು. ಇದು ದಾಸಪರಂಪರೆಯ ಪ್ರತೀತಿ. ಮಿಷನ್ನಿನ ಪರಿಭಾಷೆಯಲ್ಲಿ ನೋಡಿದರೆ ಎಲ್ಲವೂ ಕ್ರಮಬದ್ಧ. ಕೊಡುವವರು ದೇವದುರ್ಗದವರು, ಪಡೆಯುವವರು ಮಾನ್ವಿಯವರು, ಒಪ್ಪಿಗೆಯ ಮಧ್ಯಸ್ಥರು ಗುರುಗಳು, ಮಾಧ್ಯಮ ಜೋಳದ ರೊಟ್ಟಿ. ಆಯುಷ್ಯವೇ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋದಲ್ಲಿ ಇಂದು ಥೈರಾಯ್ಡ್ ರಿಪೋರ್ಟು ಹೋಗುತ್ತಿಲ್ಲ.

ಸಂಕೇತಪ್ರಕರಣವನ್ನು ಚುಟುಕಾಗಿ ಮುಗಿಸುತ್ತೇನೆ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹತ್ತನೇ ಆವೃತ್ತಿ ನಮ್ಮ ಜಿಲ್ಲೆಯನ್ನು ಎದುರಿಗಿಟ್ಟುಕೊಂಡೇ ಬರೆದಂತಿದೆ. ಅತಿಯಾದ ಬಿಸಿಲಿಗೆ ಎಕ್ಸ್ 30, ಚೇಳಿಗೆ ಎಕ್ಸ್ 22, ಕೃಷ್ಣೆಯಲ್ಲಿ ಮೊಸಳೆ ಹಿಡಿದರೆ ಡಬ್ಲ್ಯು 58. ಆದರೆ ಹೊರರೋಗಿಗಳಲ್ಲಿ ದೊಡ್ಡ ಪಾಲು ಬರುವುದು ‘ಕೈಕಾಲು ಸೆಳೀತಾವ್ರಿ, ತಲಿ ಗಿರ್ ಅಂತೈತಿ, ಜೀವಕ್ಕ ಸಮಾಧಾನಿಲ್ಲ’ ಎನ್ನುತ್ತಾ. ಜೀವಕ್ಕೆ ಸಮಾಧಾನವಿಲ್ಲದ್ದಕ್ಕೆ ಜಿನೀವಾದ ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಸಂಕೇತ ಕೊಟ್ಟಿಲ್ಲ. ಹೊರಗೆ ನೂರು ಜನ ಕಾಯುತ್ತಿರುವಾಗ ವೈದ್ಯರು ಒತ್ತುವುದು ಪಟ್ಟಿಯಲ್ಲಿ ಮೊದಲು ಕಂಡದ್ದನ್ನು. ಬಿಪಿ ಖಾನೆಗೆ 120/80 ಎಂಬ ಮಂತ್ರಾಕ್ಷತೆ. ಕಾಗದದ ಮೇಲೆ ಇಷ್ಟು ಸಮಾಧಾನಚಿತ್ತದ ರಕ್ತನಾಳಗಳು ಇನ್ನೆಲ್ಲೂ ಇರಲಾರವು.

ಪ್ರಬಂಧದ ತಿರುಳು ಈಗ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿರುವುದು ಮಾನ್ವಿ ಮತ್ತು ರಾಯಚೂರು. ಮೇಲೆ ಬಿಟ್ಟ ನೀರು ಇಲ್ಲಿಗೆ ತಲುಪುವುದಿಲ್ಲ, ಗೇಜ್ ಎಷ್ಟಿದೆ ಎಂದು ರೈತರು ಪ್ರತಿ ವರ್ಷ ರಸ್ತೆಗಿಳಿಯುತ್ತಾರೆ. ದತ್ತಾಂಶ ಇದೇ ಕಾಲುವೆಯಲ್ಲಿ ಉಲ್ಟಾ ಹರಿಯುತ್ತದೆ. ಹುಟ್ಟುವುದು ಕೊನೆಭಾಗದ ತಾಂಡಾದಲ್ಲಿ, ಗೇಜ್ ಏರುವುದು ಬೆಂಗಳೂರು, ದಿಲ್ಲಿಗಳಲ್ಲಿ. ಒಂದೇ ಬಾಣಂತಿಯನ್ನು ಆಶಾ ಡೈರಿಗೆ, ರಿಜಿಸ್ಟರಿಗೆ, ಮೊಬೈಲಿಗೆ ಹೀಗೆ ಮತ್ತೆ ಮತ್ತೆ ಬರೆಯುತ್ತಾಳೆ. ಮೂವತ್ತು ದಾಟಿದವರ ಸಕ್ಕರೆ, ಬಿಪಿ, ಬಾಯಿಹುಣ್ಣಿನ ಪಟ್ಟಿ ಬೇರೆ. ಎಲ್ಲ ಮೇಲೆ ಹೋಗಿ ಬಣ್ಣದ ನಕ್ಷೆಯಾಗುತ್ತದೆ. ನಕ್ಷೆಯಲ್ಲಿ ರಾಯಚೂರು ಕೆಂಪಗೆ ಕಾಣುತ್ತದೆ. ಕೆಂಪಗಿದೆ ಎಂದು ಪತ್ರ ಬರುತ್ತದೆ. ಪತ್ರಕ್ಕೆ ಉತ್ತರ ಕೊಡಲು ಇನ್ನಷ್ಟು ದತ್ತಾಂಶ ಬೇಕಾಗುತ್ತದೆ. ‘ನಿಮ್ಮೂರಲ್ಲಿ ಇಷ್ಟು ಬಸುರಿಯರಿಗೆ ರಕ್ತ ಕಡಿಮೆ ಇದೆ, ಇಗೋ ಹೆಸರು, ಇಗೋ ಗುಳಿಗಿ’ ಎಂಬ ಒಂದು ಸಾಲು ಮಾತ್ರ ಕೆಳಗಿಳಿಯುವುದಿಲ್ಲ.

ಇಳಿಯಲೇಬಾರದೆಂಬ ನಿಯಮವೇನೂ ಇಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ನೆಲ್ಲು ನಾಟಿ, ಹತ್ತಿ ಬಿಡಿಸುವ ಕಾಲದಲ್ಲಿ ಯಾವ ಹೋಬಳಿಯಲ್ಲಿ ಎಷ್ಟು ಜನಕ್ಕೆ ಕಚ್ಚಿತು ಎಂದು ಗೊತ್ತಾದರೆ ವಿಷನಿರೋಧಕದ ಬಾಟಲಿಗಳನ್ನು ಮುಂಚಿತವಾಗಿ ಅಲ್ಲಿಗೇ ಕಳಿಸಬಹುದು. ದತ್ತಾಂಶ ಕೆಳಗೆ ಬರುವುದೆಂದರೆ ಅದು. ಡ್ಯಾಶ್‌ಬೋರ್ಡ್ ಕಚ್ಚಿಸಿಕೊಂಡವನಿಗೆ ಡ್ರಿಪ್ ಹಚ್ಚುವುದಿಲ್ಲ. (ಈ ಪ್ಯಾರಾದಲ್ಲಿ ಅಣಕವಿಲ್ಲ. ಮೌಲ್ಯಮಾಪಕರು ಅಂಕ ಕಡಿತ ಮಾಡಿಕೊಳ್ಳಬಹುದು.)

ಸುರಕ್ಷತೆಯ ದೃಷ್ಟಿಯಿಂದ ರಾಯಚೂರು ದಿಲ್ಲಿಗಿಂತ ಮುಂದಿದೆ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಸರ್ವರ್‌ಗಳ ಮೇಲೆ ದಾಳಿಯಾಗಿ, ದೇಶದ ಹೆಸರಾಂತ ಆಸ್ಪತ್ರೆ ದಿನಗಟ್ಟಲೆ ಪೆನ್ನು, ಕಾಗದ ಹಿಡಿಯಬೇಕಾಯಿತು. ನಮ್ಮಲ್ಲಿ ಹಾಗಾಗುವ ಭಯವಿಲ್ಲ. ಏಮ್ಸ್ ಕೊಡಿ ಎಂದು ರಾಯಚೂರಿನವರು ಅದೇ ವರ್ಷದ ಮೇ ತಿಂಗಳಲ್ಲಿ ಧರಣಿಗೆ ಕೂತರು. ಧರಣಿ ಸಾವಿರ ದಿನ ದಾಟಿತು. ಐಐಟಿ ಕೇಳಿದಾಗ ಅದು ಧಾರವಾಡಕ್ಕೆ ಹೋದ ಅನುಭವ ಇವರಿಗಿದೆ. ಇಲ್ಲದ ಏಮ್ಸಿನ ಸರ್ವರನ್ನು ಹ್ಯಾಕ್ ಮಾಡುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ.

ಹಾಗಾದರೆ ಈ ಮೂರು ಊರುಗಳ ನಡುವೆ ರೋಗಿಯ ಪೂರ್ವಚರಿತ್ರೆ ಸಾಗುವುದು ಹೇಗೆ? ಉತ್ತರ ಎಲ್ಲರ ಕಂಕುಳಲ್ಲೂ ಇದೆ. ಜವಳಿ ಅಂಗಡಿಯ ಕ್ಯಾರಿಬ್ಯಾಗು. ಒಳಗೆ ಮಡಚಿ ಮಡಚಿ ನಾಲ್ಕು ತುಂಡಾಗುವ ಹಂತದ ಚೀಟಿಗಳು, ಖಾಲಿ ಗುಳಿಗಿ ಪಾಕೀಟು (‘ಇದs ಗುಳಿಗಿ ಕೊಡ್ರಿ’), ಅಕ್ಷರ ಮಾಸಿದ ಇಸಿಜಿ ಪಟ್ಟಿ, ಮಗನ ನಂಬರ್ ಬರೆದ ಬೀಡಿ ಕಟ್ಟಿನ ಕಾಗದ, ಮೇಲಕ್ಕೆ ಇಣುಕುವ ಎಕ್ಸ್‌ರೇ. ಇದಕ್ಕೆ ಪಾಸ್‌ವರ್ಡ್ ಬೇಡ, ನೆಟ್‌ವರ್ಕ್ ಬೇಡ. ಮಾನ್ವಿಯಿಂದ ರಾಯಚೂರಿಗೆ ಕೆಂಪು ಬಸ್ಸಿನಲ್ಲಿ ಬರುತ್ತದೆ, ಹೆಣ್ಣುಮಕ್ಕಳ ತೊಡೆಯ ಮೇಲಾದರೆ ಶಕ್ತಿ ಯೋಜನೆಯಡಿ ಉಚಿತ. ಒಪ್ಪಿಗೆಯೂ ಸರಳ. ಬ್ಯಾಗನ್ನು ವೈದ್ಯರ ಮೇಜಿನ ಮೇಲೆ ಬೋರಲು ಸುರಿದರೆ ಕೊಟ್ಟಂತೆ, ಎತ್ತಿಕೊಂಡರೆ ಹಿಂಪಡೆದಂತೆ.

ಆದ್ದರಿಂದ ಈ ಪ್ರಬಂಧ ಹೊಸ ಪೋರ್ಟಲನ್ನು ಶಿಫಾರಸು ಮಾಡುವುದಿಲ್ಲ. ಪೋರ್ಟಲಿನಲ್ಲಿ ಈಗಾಗಲೇ ತುಂಬಿದ್ದನ್ನು ರೋಗಿಗೆ ಅರ್ಥವಾಗುವ ಕನ್ನಡದಲ್ಲಿ ಅರ್ಧ ಪುಟಕ್ಕಿಳಿಸಿ, ಪ್ರಿಂಟ್ ತೆಗೆದು, ಅದೇ ಬ್ಯಾಗಿಗೆ ಹಾಕಿ ಕಳಿಸಬೇಕೆಂದು ಕೇಳುತ್ತದೆ. ಬ್ಯಾಗುಗಳಿಗೆ ಟೆಂಡರ್ ಕರೆಯುವುದಾದರೆ ಷರತ್ತುಗಳು ಇವು: 14 ಇಂಚು ಅಗಲ, 17 ಇಂಚು ಉದ್ದದ ಎಕ್ಸ್‌ರೇ ಮಡಚದೆ ಹಿಡಿಸಬೇಕು. ಜಿಪ್ ಇರಬಾರದು, ಅಜ್ಜಿಯರಿಗೆ ಬರುವುದಿಲ್ಲ. ಮೇಲೆ ಇಲಾಖೆಯ ಲಾಂಛನ ಹಾಕಿದರೆ ಜನ ಅದನ್ನು ಮನೆಯ ಮೊಳೆಗೆ ನೇತುಹಾಕಿ, ದವಾಖಾನಿಗೆ ಬರುವಾಗ ಜವಳಿ ಅಂಗಡಿಯದನ್ನೇ ತರುತ್ತಾರೆ. ಹಾಗಾಗಿ ಸೀರೆಯ ಜಾಹೀರಾತು ಕಡ್ಡಾಯ.