ತಟ್ಟೆ ಇಡ್ಲಿ ಮುಂದೆ ಯೆಜ್ಡಿ ಉವಾಚ

ಭಾನುವಾರ ಬೆಳಗ್ಗೆ ಏಳೂಕಾಲು. ಬಿಡದಿಯಲ್ಲಿ ಹಳೇ ಮೈಸೂರು ರಸ್ತೆಗೆ ಮುಖ ಮಾಡಿದ ಒಂದು ತಟ್ಟೆ ಇಡ್ಲಿ ಹೋಟೆಲ್. ಅದರ ಮುಂದೆ 23 ಬೈಕುಗಳು ಒಂದೇ ಕಡೆಗೆ ಮೂತಿ ತಿರುಗಿಸಿ, ಸೈಡ್ ಸ್ಟ್ಯಾಂಡ್ ಊರಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನಿಂತಿದ್ದವು. ಇಪ್ಪತ್ನಾಲ್ಕನೆಯದು ಮಾತ್ರ ಸಾಲು ಬಿಟ್ಟು ಮರದ ಬುಡದಲ್ಲಿತ್ತು. ಹೊಟ್ಟೆಯ ಕೆಳಗೆ ನಿನ್ನೆಯ ದಿನಪತ್ರಿಕೆ ಹಾಸಿತ್ತು. ಹಾಸಿದವರು ಅದರ ಮಾಲೀಕರೇ, ಎಣ್ಣೆ ತೊಟ್ಟಿಕ್ಕಿ ಹೋಟೆಲಿನವರ ಅಂಗಳ ಕೆಡದಿರಲಿ ಎಂದು. 1984ರ ಯೆಜ್ಡಿ ರೋಡ್‌ಕಿಂಗ್. ನಮ್ಮ ಪ್ರತಿನಿಧಿ ಮಾತಿಗೆ ಆರಿಸಿಕೊಂಡದ್ದು ಇದನ್ನೇ. ಉಳಿದ ಬೈಕುಗಳು ಬ್ಲೂಟೂತ್ ಇಲ್ಲದವರ ಜೊತೆ ಮಾತಾಡಲಿಲ್ಲ.

ಎಂಜಿನ್ ಇನ್ನೂ ಆರಿರಲಿಲ್ಲ. ಫಿನ್ನುಗಳ ಸಂದಿಯಿಂದ ಟಿಣ್ ಟಿಣ್ ಎಂಬ ಸದ್ದು ಬರುತ್ತಿತ್ತು. ಅದನ್ನೇ ಒಪ್ಪಿಗೆ ಎಂದುಕೊಂಡ ಪ್ರತಿನಿಧಿ ಹೆಸರು, ಊರು ಕೇಳಿ ಶುರುಮಾಡಿದರು.

“ಊರು ಮೈಸೂರು, ಯಾದವಗಿರಿ. ಅಜ್ಜ ಪ್ರಾಗ್ ಕಡೆಯವರು,” ಎಂದಿತು ಯೆಜ್ಡಿ. “ಯಾನೆಚೆಕ್ ಅಂತ ಒಬ್ಬರು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ಸಾಮಾನೆಲ್ಲ ಕೊಂಡುಕೊಂಡರು. ತಮ್ಮ ಹೆಸರಿನ ತಲೆ, ಅವರ ಹೆಸರಿನ ತಲೆ ಸೇರಿಸಿ ಜಾವಾ ಅಂತ ಹೊಲಿದರು. ಇಂಡೋನೇಷ್ಯದ ದ್ವೀಪಕ್ಕೂ ನಮ್ಮ ಮನೆತನಕ್ಕೂ ಸಂಬಂಧವಿಲ್ಲ, ದಯವಿಟ್ಟು ಹಾಗೆ ಬರೆಯಬೇಡಿ. 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾಯಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜೇಂದ್ರ ಒಡೆಯರೇ ಬಂದು ಉದ್ಘಾಟಿಸಿದರು. 1973ರಿಂದ ನಮಗೆ ಯೆಜ್ಡಿ ಅನ್ನುವ ಹೆಸರು.”

ಆ ಹೆಸರಿನ ಅರ್ಥವೇನು?

“ಚೆಕ್ ಭಾಷೆಯಲ್ಲಿ ‘ಓಡುತ್ತದೆ’ ಅಂತ ಅರ್ಥ ಬರುವ ಪದ ಅನ್ನುತ್ತಾರೆ. ಕಾರ್ಖಾನೆ ಕಟ್ಟಿದ ಇರಾನಿ ಕುಟುಂಬದ ಮೂಲ ಊರು ಯಜ್ದ್, ಅದರಿಂದ ಬಂತು ಅಂತಲೂ ಹೇಳುತ್ತಾರೆ. ನಾನು ಓಡುತ್ತಿರುವಾಗ ಮೊದಲನೇ ಕಥೆ ಹೇಳುತ್ತೇನೆ. ನಿಂತುಹೋದಾಗ ಎರಡನೆಯದು.”

ಪ್ರತಿನಿಧಿ ವಿಷಯಕ್ಕೆ ಬಂದರು. ಈ ಭಾನುವಾರದ ಬ್ರೇಕ್‌ಫಾಸ್ಟ್ ರೈಡ್ ಎಂದರೇನು? ಸ್ವಾತಂತ್ರ್ಯಕ್ಕಾಗಿ ಬೈಕು ಹತ್ತುತ್ತೇವೆ ಎಂದು ಕ್ಲಬ್ಬಿನ ಸದಸ್ಯರೊಬ್ಬರು ಆಗಷ್ಟೇ ಇಡ್ಲಿ ಮುರಿಯುತ್ತ ಹೇಳಿದ್ದರು.

“ಸ್ವಾತಂತ್ರ್ಯವೇ!” ಯೆಜ್ಡಿಯ ಹೆಡ್‌ಲೈಟಿನ ಗಾಜು ಅಲುಗಿತು. “ನಾನು ಹುಟ್ಟಿದ್ದು ಶಿಫ್ಟಿನ ಸೈರನ್ ಕೇಳಿಕೊಂಡು. ಇಷ್ಟೊಂದು ಶಿಸ್ತು ನಮ್ಮ ಕಾರ್ಖಾನೆಯಲ್ಲೂ ಇರಲಿಲ್ಲ ಸ್ವಾಮಿ. ಐದೂವರೆಗೆ ಕೆಂಗೇರಿ ಪೆಟ್ರೋಲ್ ಬಂಕಿನಲ್ಲಿ ಹಾಜರಿ. ಟ್ಯಾಂಕ್ ತುಂಬಿಸಿಕೊಂಡೇ ಬಂದಿರಬೇಕು. ಒಬ್ಬ ಲೀಡ್, ಒಬ್ಬ ಸ್ವೀಪ್, ನಡುವೆ ಕೇಸರಿ ಜಾಕೆಟ್ ಹಾಕಿಕೊಂಡ ಮಾರ್ಷಲ್‌ಗಳು. ಲೀಡ್ ದಾಟಿ ಯಾರೂ ಮುಂದೆ ಹೋಗುವಂತಿಲ್ಲ, ಸ್ವೀಪ್‌ಗಿಂತ ಯಾರೂ ಹಿಂದೆ ಉಳಿಯುವಂತಿಲ್ಲ. ಮೊದಲನೆಯವನು ಲೇನಿನ ಬಲಕ್ಕೆ, ಎರಡನೆಯವನು ಎಡಕ್ಕೆ, ಮೂರನೆಯವನು ಮತ್ತೆ ಬಲಕ್ಕೆ, ರಂಗೋಲಿ ಚುಕ್ಕಿ ಇಟ್ಟ ಹಾಗೆ. ನಡುವೆ ಎರಡು ಸೆಕೆಂಡ್ ಅಂತರ. ಹೊಸಬರು ಲೀಡ್ ಬೆನ್ನಿಗೇ ಇರಬೇಕು. ಗುಂಡಿ ಕಂಡರೆ ಕಾಲು ಚಾಚಿ ತೋರಿಸಬೇಕು. ಒಂದು ಬೆರಳೆತ್ತಿದರೆ ಒಂದೇ ಸಾಲು, ಎರಡೆತ್ತಿದರೆ ಎರಡು ಸಾಲು. ಮನೆಯಲ್ಲಿ ಹೆಂಡತಿ ಹೇಳಿದ ಒಂದು ಮಾತು ಕೇಳದವರು ಇಲ್ಲಿ ಬೆರಳಿಗೆ ಬಗ್ಗುತ್ತಾರೆ.”

ಆ ದಿನ ಬ್ರೀಫಿಂಗ್ ಎಷ್ಟು ಹೊತ್ತು ನಡೆಯಿತು ಎಂದು ಕೇಳಿದ್ದಕ್ಕೆ ಬಂದ ಉತ್ತರ, “ಕೆಂಗೇರಿಯಿಂದ ಇಲ್ಲಿಗೆ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ರೈಡ್‌ಗಿಂತ ಬ್ರೀಫಿಂಗೇ ಉದ್ದ.”

ಇಷ್ಟಾದರೂ ಈ ನಿಯಮಗಳನ್ನು ನಕ್ಕು ತಳ್ಳಿಹಾಕುವಂತಿಲ್ಲ. ಜೋಡಿ ಜೋಡಿಯಾಗಿ ಅಕ್ಕಪಕ್ಕ ಹರಟೆ ಹೊಡೆಯುತ್ತ ಹೋದರೆ, ನಾಯಿ ಅಡ್ಡ ಬಂದಾಗ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಚುಕ್ಕಿ ಇಟ್ಟಂತೆ ಹೋದರೆ ಪ್ರತಿಯೊಬ್ಬನಿಗೂ ಮುಂದೆ, ಪಕ್ಕದಲ್ಲಿ ಒಂದಿಷ್ಟು ಬಯಲು ಸಿಗುತ್ತದೆ. ಹೊಸಬರನ್ನು ಹಿಂದೆ ಬಿಟ್ಟರೆ ಮುಂದಿನವರನ್ನು ಹಿಡಿಯುವ ಆತುರದಲ್ಲಿ ಅವರು ಶಕ್ತಿ ಮೀರಿ ಓಡಿಸುತ್ತಾರೆ. ಯೆಜ್ಡಿಯೂ ಇದನ್ನು ಒಪ್ಪಿತು. ಅದರ ತಕರಾರು ಬೇರೆ: ಇಷ್ಟೆಲ್ಲ ಕವಾಯತು ಮಾಡಿ ಅದಕ್ಕೆ ‘ಬಂಧನ ಬಿಟ್ಟು ಹಾರುವುದು’ ಎಂದು ಹೆಸರಿಡುತ್ತಾರಲ್ಲ, ಅದು.

ಒಳಗೆ ಇಡ್ಲಿಯ ಕೆಲಸ ಭರದಿಂದ ಸಾಗಿತ್ತು. ಒಂದರ ಮೇಲೊಂದು ತಟ್ಟೆ ಪೇರಿಸಿದ ಸ್ಟ್ಯಾಂಡು ಹಬೆಯಿಂದ ಮೇಲೆ ಬಂದಾಗ ಅಡುಗೆಯವನ ಮುಖ ಒಂದು ಕ್ಷಣ ಮರೆಯಾಗುತ್ತಿತ್ತು. ಅವನು ತಟ್ಟೆಯ ಅಂಚಿಗೆ ಚಮಚ ಆಡಿಸಿ ಒಂದೇ ಏಟಿಗೆ ಮಗುಚುತ್ತಿದ್ದ. ಅಂಗೈಗಿಂತ ಅಗಲದ ಇಡ್ಲಿ, ಮೇಲೊಂದು ಬೆಣ್ಣೆಯ ಉಂಡೆ. ಅದು ಮೊದಲು ಸುಮ್ಮನೆ ಕೂತು, ಆಮೇಲೆ ಅಂಚಿನಿಂದ ಜಾರಿ, ಚಟ್ನಿಯ ಕಡೆಗೆ ಹರಿಯುತ್ತಿತ್ತು. ಮೊಣಕೈಗೆ, ಮಂಡಿಗೆ ಗಟ್ಟಿ ಪ್ಯಾಡು ಕಟ್ಟಿಕೊಂಡ ಇಪ್ಪತ್ತನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಾಲು ಮಡಿಸಲಾರದೆ ಕೂತು ಅದರ ಫೋಟೋ ತೆಗೆಯುತ್ತಿದ್ದರು. ತಟ್ಟೆ ಇಡ್ಲಿ ಎಂದರೆ ತುಮಕೂರು ಪಕ್ಕದ ಕ್ಯಾತ್ಸಂದ್ರದ್ದೇ ಎಂದು ವಾದಿಸುವ ಒಬ್ಬರು ಎರಡನೇ ತಟ್ಟೆಗೆ ಕೈಯೆತ್ತಿದ್ದರು. ಮುಂದಿನ ಭಾನುವಾರದ ರೈಡ್ ಎಲ್ಲಿಗೆ ಎಂಬುದು ಅಲ್ಲೇ ತೀರ್ಮಾನವಾದಂತಾಯಿತು.

ಇಡ್ಲಿ ಮನೆ ಹತ್ತಿರವೇ ಸಿಗುವುದಿಲ್ಲವೇ?

“ನನ್ನ ಯಜಮಾನರ ಮನೆ ಬಸವನಗುಡಿ. ಅಲ್ಲಿ ಇಡ್ಲಿಗೆ ಬರವೇ? ನಾನು ಲೀಟರಿಗೆ ಇಪ್ಪತ್ತೈದು, ಮನಸ್ಸು ಮಾಡಿದರೆ ಮೂವತ್ತು ಕೊಡುತ್ತೇನೆ. ಅದರ ಮೇಲೆ ಟೂ-ಟಿ ಆಯಿಲ್ ಬೇರೆ ಅಳೆದು ಪೆಟ್ರೋಲಿಗೆ ಬೆರೆಸಬೇಕು. ಹೊಟ್ಟೆಗೆ ತಿನ್ನುವುದಕ್ಕಿಂತ ನನಗೆ ಕುಡಿಸುವುದೇ ಹೆಚ್ಚು. ಆದರೆ ಇದು ನಮ್ಮೂರಿನ ಹುಚ್ಚು ಮಾತ್ರ ಅಂದುಕೊಳ್ಳಬೇಡಿ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ ಏಸ್ ಕೆಫೆ ಅಂತ ಇದೆ, 1938ರದ್ದು. ಐವತ್ತು, ಅರವತ್ತರ ದಶಕದಲ್ಲಿ ಹುಡುಗರು ಅಲ್ಲಿ ಟೀ ಕುಡಿದು ಒಂದು ಕೆಫೆಯಿಂದ ಇನ್ನೊಂದಕ್ಕೆ ಗಂಟೆಗೆ ನೂರು ಮೈಲಿ ಮುಟ್ಟಿಸಿ ಓಡಿಸುತ್ತಿದ್ದರಂತೆ. ಅವರ ಬೈಕಿಗೆ ಕೆಫೆ ರೇಸರ್ ಅಂತ ಹೆಸರು ಬಿತ್ತು. ಜೂಕ್‌ಬಾಕ್ಸಿಗೆ ಕಾಸು ಹಾಕಿ ಹಾಡು ಮುಗಿಯುವುದರೊಳಗೆ ಸುತ್ತು ಹೊಡೆದು ಬರುತ್ತಿದ್ದರು ಅಂತಲೂ ಕಥೆಯಿದೆ. ನಮ್ಮವರು ಇಡ್ಲಿ ಬೇಯುವುದರೊಳಗೆ ಬಂದರೆ ಸಾಕು. ಇಡ್ಲಿ ರೇಸರ್ ಅನ್ನಿ.”

ಹೊಸ ರಸ್ತೆಯ ಮಾತು ಬಂದಾಗ ಯೆಜ್ಡಿಯ ದನಿ ಬದಲಾಯಿತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರುಗಳಿಗೆ ನಿಷೇಧ. ಅತಿವೇಗದ ವಾಹನಗಳ ನಡುವೆ ಇವಕ್ಕೆ ಅಪಾಯ ಎಂಬುದು ಕೊಟ್ಟ ಕಾರಣ. ಅಪಘಾತಗಳು ಆಗಿದ್ದವು ಎನ್ನುವುದು ಸುಳ್ಳಲ್ಲ.

“ಅಲ್ಲಿ ಸಾಲಿನಲ್ಲಿ ಮೂರನೆಯದು ಇದೆ ನೋಡಿ, ಜರ್ಮನಿಯದು. ಒಂದು ಫ್ಲಾಟಿಗೆ ಮುಂಗಡ ಕೊಡುವಷ್ಟು ಬೆಲೆ. ಸೀಟಿಗೆ ಬಿಸಿ, ಕೈಹಿಡಿಗೆ ಬಿಸಿ, ಚಕ್ರ ಜಾರದಂತೆ ಕಂಪ್ಯೂಟರು. ಅದೂ ನನ್ನ ಜೊತೆ ಸರ್ವಿಸ್ ರಸ್ತೆಯಲ್ಲಿ ಟ್ರ್ಯಾಕ್ಟರಿನ ಬೆನ್ನು ಹಿಡಿದು ಬಂತು. ಮೇಲುಗಡೆ ಒಂದು ಹಳೇ ಕಾರು ಹೊಗೆ ಬಿಟ್ಟುಕೊಂಡು ರಾಜಾರೋಷವಾಗಿ ಹೋಗುತ್ತಿತ್ತು. ಅವತ್ತು ಮೊದಲ ಸಲ ನನಗೆ ಸಮಾನತೆ ಅಂದರೆ ಏನು ಅಂತ ಗೊತ್ತಾಯಿತು.”

ಇದರಲ್ಲಿ ಇನ್ನೊಂದು ಮಜಾ ಇದೆ. ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸಿನಲ್ಲಿ ದಾಟಿಸಿಬಿಡುತ್ತದೆ. ಕಾರಿನವರಿಗೆ ಇಡ್ಲಿಯ ಹಬೆ ಕಾಣುವುದಿಲ್ಲ, ಚನ್ನಪಟ್ಟಣದ ಬಣ್ಣದ ಗೊಂಬೆ ಕಾಣುವುದಿಲ್ಲ, ಮದ್ದೂರು ವಡೆಯ ಬುಟ್ಟಿ ಕಾಣುವುದಿಲ್ಲ. ಹಳೇ ರಸ್ತೆಯ ವ್ಯಾಪಾರಿಗಳು ಗಿರಾಕಿ ಕಡಿಮೆಯಾದರು ಎಂದು ದೂರುತ್ತಲೇ ಬಂದಿದ್ದಾರೆ. ಆಟೋ, ಟ್ರ್ಯಾಕ್ಟರಿನವರನ್ನು ಬಿಟ್ಟರೆ, ಊರೊಳಗಿನ ರಸ್ತೆಯಲ್ಲೇ ಹೋಗಿ ಎಂದು ಸರ್ಕಾರ ಆಜ್ಞೆ ಮಾಡಿ ಕಳಿಸಿದ ಗಿರಾಕಿ ಇವರೊಬ್ಬರೇ, ಬೈಕಿನವರು. ಗಲ್ಲಾದಲ್ಲಿ ಕೂತ ಯಜಮಾನರು ಭಾನುವಾರ ಹೆಲ್ಮೆಟ್ ಇಡಲೆಂದೇ ಒಂದು ಬೆಂಚು ಬಿಡಿಸಿಟ್ಟಿದ್ದರು. ಈ ವ್ಯಾಪಾರವನ್ನು ಯಾವ ಕ್ಲಬ್ಬಿನವರೂ ಯೋಜಿಸಿದ್ದಲ್ಲ, ಅವರು ಬಂದದ್ದು ಫೋಟೋಗೆ.

ಸದ್ದಿನ ಬಗ್ಗೆ ಪ್ರತಿನಿಧಿ ಹಿಂಜರಿಯುತ್ತಲೇ ಕೇಳಿದರು. ಭಾನುವಾರ ಬೆಳಗ್ಗೆ ಐದಕ್ಕೆ ಎದ್ದ ಬೀದಿಯವರ ಶಾಪ ತಟ್ಟುವುದಿಲ್ಲವೇ?

“ನನ್ನದು ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಎರಡೂ ಕಂಪನಿಯವೇ,” ಎಂದು ಯೆಜ್ಡಿ ಅವಸರದಲ್ಲಿ ಹೇಳಿತು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರುಗಳನ್ನು ಕಿತ್ತು, ರಸ್ತೆ ಮೇಲೆ ಸಾಲಾಗಿ ಮಲಗಿಸಿ, ರೋಡ್‌ರೋಲರ್ ಹತ್ತಿಸಿದ ಚಿತ್ರಗಳನ್ನು ಅದು ನೋಡಿರಬೇಕು. ಪಕ್ಕದ ಬುಲೆಟ್ಟೊಂದು ಏಕೋ ಮುಖ ಆ ಕಡೆ ತಿರುಗಿಸಿಕೊಂಡಿತ್ತು.

ಬುಲೆಟ್ ಜೊತೆ ಹಳೇ ವೈರವೇ?

“ಅವರು ಮದರಾಸಿನವರು, 1955ರಿಂದ ಇಲ್ಲಿದ್ದಾರೆ, ಹಿರಿಯರು. ನಾಲ್ಕು ಸ್ಟ್ರೋಕಿನಲ್ಲಿ ಮಾಡುವ ಕೆಲಸ ನಾನು ಎರಡರಲ್ಲಿ ಮುಗಿಸುತ್ತೇನೆ, ಅಷ್ಟೇ ವ್ಯತ್ಯಾಸ. ವೈರಿ ಅವರಲ್ಲ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತಲ್ಲ, ಅದು. ಒಮ್ಮೆ ಪೆಟ್ರೋಲ್ ತುಂಬಿಸಿದರೆ ಮರೆತೇಬಿಡಿ ಅನ್ನುವ ಜಾಹೀರಾತು. ನನಗೆ ತುಂಬಿಸಿದವರು ಮರೆಯುವುದು ಸಾಧ್ಯವೇ? 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. ಸೈರನ್ ನಿಂತಿತು. ನಾನು ಹನ್ನೆರಡು ವರ್ಷದವನು. ಅಲ್ಲಿಂದ ಗುಜರಿಯವನ ಕಣ್ಣು ತಪ್ಪಿಸಿಕೊಂಡು ಬದುಕಿದ್ದೇ ನನ್ನ ಸಾಧನೆ. ಈಗ ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಮಾಡುತ್ತಾರೆ, ತೊಳೆದು ಒರೆಸಿ ನಿಲ್ಲಿಸುತ್ತಾರೆ. ಅಂಗಡಿಯಲ್ಲಿ 2018ರಿಂದ ಹೊಸ ಜಾವಾ, 2022ರಿಂದ ಹೊಸ ಯೆಜ್ಡಿ ಮಾರಾಟಕ್ಕಿವೆ. ನಾಲ್ಕು ಸ್ಟ್ರೋಕು, ತಂಪಿಗೆ ರೇಡಿಯೇಟರು, ಹೊಗೆಯೇ ಇಲ್ಲ. ಮೊಮ್ಮಕ್ಕಳು ಚೆನ್ನಾಗಿಯೇ ಇದ್ದಾರೆ. ಮಾತೃಭಾಷೆ ಮಾತ್ರ ಬರುವುದಿಲ್ಲ.”

ಅಷ್ಟರಲ್ಲಿ ಒಳಗೆ ಎರಡನೇ ಸುತ್ತಿನ ಕಾಫಿ ಮುಗಿದಿತ್ತು. ಮುಕ್ಕಾಲು ಗಂಟೆ ಕೂತವರು ಮಾತಾಡಿದ್ದು ಏನು ಎಂದರೆ: ಟೈರು, ಟೈರಿನ ಗಾಳಿ, ಚೈನಿಗೆ ಹಾಕುವ ಎಣ್ಣೆ, ಇನ್ನೊಂದು ಬ್ರಾಂಡಿನ ಟೈರು. ಹೊರಗೆ ನಿಂತ ಬೈಕುಗಳ ಬಗ್ಗೆ ಒಳಗೆ ಕೂತು ಮಾತಾಡಲು ಇಷ್ಟು ದೂರ ಬಂದಿದ್ದರು. ಎಂಟೂಕಾಲಿಗೆ ಮಾರ್ಷಲ್ ಸೀಟಿ ಊದಿದ. ಎಲ್ಲರೂ ದಡಬಡ ಎದ್ದರು. ಯೆಜ್ಡಿ ಪ್ರತಿನಿಧಿಯ ಕಡೆ ನೋಡಿ, “ಸೈರನ್,” ಎಂದಿತು.

23 ಬೈಕುಗಳು ಗುಂಡಿ ಒತ್ತಿದ ಕೂಡಲೇ ಗುರ್ರೆಂದವು. ಯೆಜ್ಡಿಯ ಮಾಲೀಕರು ಬಗ್ಗಿ ಚೋಕ್ ಎಳೆದು, ಎಡಗಡೆಯ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರು. ಯೆಜ್ಡಿಯಲ್ಲಿ ಗೇರೂ ಅದೇ, ಕಿಕ್ಕರೂ ಅದೇ. ಒದ್ದರು. ಎರಡನೇ ಸಲ ಒದ್ದರು. ಐದನೇ ಸಲಕ್ಕೆ ಜಾಕೆಟ್ ಬಿಚ್ಚಿದರು. ಏಳನೆಯದಕ್ಕೆ ಪ್ಲಗ್ ಬಿಚ್ಚಿ, ಮೇಲಿನ ಒದ್ದೆ ಕರಿಯನ್ನು ಪ್ಯಾಂಟಿಗೆ ಒರೆಸಿ, ಬಾಯಲ್ಲಿ ಊದಿ ಮತ್ತೆ ಕೂರಿಸಿದರು. ಲೀಡ್ ಗಡಿಯಾರ ನೋಡಿದ. ಸ್ವೀಪ್ ಪಂಕ್ಚರ್ ಕಿಟ್ ಹಿಡಿದುಕೊಂಡು ಬಂದು, ಪಂಕ್ಚರ್ ಆಗಿಲ್ಲ ಎಂದು ತಿಳಿದು ಸುಮ್ಮನೆ ನಿಂತ. ಸಾಲು ಮುರಿಯಿತು. ಚುಕ್ಕಿಗಳೆಲ್ಲ ಬಂದು ಯೆಜ್ಡಿಯ ಸುತ್ತ ಗುಂಪುಗೂಡಿದವು, ತಲೆಗೊಂದು ಸಲಹೆಯಂತೆ.

ಕೊನೆಯ ಪ್ರಶ್ನೆ ಇನ್ನೂ ಬಾಕಿಯಿತ್ತು. ಮುಂದಿನ ಭಾನುವಾರ ಕ್ಯಾತ್ಸಂದ್ರಕ್ಕೆ ಬರುತ್ತೀರಾ ಎಂದು ಪ್ರತಿನಿಧಿ ಪುಸ್ತಕ ತೆರೆದರು.

“ಪುಸ್ತಕ ಜೇಬಿಗಿಟ್ಟುಕೊಳ್ಳಿ,” ಎಂದಿತು ಯೆಜ್ಡಿ. “ಹಿಂದುಗಡೆಯಿಂದ ತಳ್ಳಿ. ಸೈಲೆನ್ಸರ್ ಮುಟ್ಟಬೇಡಿ, ಇನ್ನೂ ಬಿಸಿ ಇದೆ.”