ತಲೆ ಕಡೆಯ ದೊಡ್ಡ ಸರ್

ಆಪರೇಷನ್ ಥಿಯೇಟರಿನಲ್ಲಿ ಸರ್ಜನ್ನೇ ದೊರೆ ಎಂದು ಸಿನಿಮಾ ನೋಡಿದವರೆಲ್ಲ ನಂಬಿದ್ದಾರೆ. ಎಂಬಿಬಿಎಸ್ ಓದುವಾಗ ನಾನೂ ಹಾಗೇ ನಂಬಿದ್ದೆ. ಆ ನಂಬಿಕೆಯ ಮೇಲೇ ಸರ್ಜರಿ ತೆಗೆದುಕೊಂಡೆ. ಕತ್ತಿ ನನ್ನ ಕೈಗೆ ಬಂದದ್ದೇನೋ ನಿಜ. ಅದನ್ನು ಯಾವಾಗ ಇಡಬೇಕು, ಇವತ್ತು ಇಡಬೇಕೋ ಗುರುವಾರ ಇಡಬೇಕೋ ಎಂಬ ಅಪ್ಪಣೆ ಮಾತ್ರ ಟೇಬಲ್ಲಿನ ತಲೆಯ ಕಡೆ, ಹಸಿರು ಬಟ್ಟೆಯ ಆಚೆ, ಗುಂಡು ಸ್ಟೂಲಿನ ಮೇಲೆ ಕೂತ ಇನ್ನೊಬ್ಬರಿಂದ ಬರಬೇಕು. ಅವರೇ ಕನ್ಸಲ್ಟೆಂಟ್ ಅನಸ್ತೀಷಿಯಾ ಡಾಕ್ಟರು. ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆ ಎಲ್ಲೇ ಇರಲಿ, ಈ ಜಾತಿಯವರೊಬ್ಬರು ಇದ್ದೇ ಇರುತ್ತಾರೆ. ನನ್ನ ಪಾಲಿಗೆ ಒದಗಿದವರನ್ನು ಥಿಯೇಟರಿನ ಸಿಸ್ಟರುಗಳಿಂದ ಹಿಡಿದು ನೆಲ ಒರೆಸುವ ಆಯಾವರೆಗೆ ಎಲ್ಲರೂ ದೊಡ್ಡ ಸರ್ ಎನ್ನುತ್ತಿದ್ದರು. ನಾನು ಬರೀ ಸರ್.

ಟೋಪಿ ಹುಬ್ಬಿನವರೆಗೆ, ಮಾಸ್ಕು ಕಣ್ಣಿನವರೆಗೆ. ನಡುವೆ ಉಳಿದದ್ದು ಒಂದು ಜೊತೆ ಅನುಮಾನದ ಕಣ್ಣು. ಜೇಬಿನಲ್ಲಿ ಮಾರ್ಫಿನ್ ಬೀರುವಿನ ಬೀಗದ ಕೈ. ಟ್ಯೂಬ್ ಕಟ್ಟಲು ಬೇಕಾಗುತ್ತದೆಂದು ಪ್ಲಾಸ್ಟರನ್ನು ಮೊದಲೇ ಉದ್ದುದ್ದ ಹರಿದು ಎದುರಿಗೆ ಸಿಕ್ಕ ಅಂಚಿಗೆಲ್ಲ ಅಂಟಿಸಿಡುವ ಅಭ್ಯಾಸ. ಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೂ ಹಾಗೇ ಅಂಟಿಸಿರುತ್ತಾರೆಂದು ಅವರ ಮನೆಯವರೇ ಒಮ್ಮೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡರಂತೆ.

ಇವರು ಮನುಷ್ಯರ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಮಲ್ಲಂಪಾಟಿ ಎಂಬ ತೆಲುಗು ಮೂಲದ ವೈದ್ಯರು ಬಾಸ್ಟನ್ನಿನಲ್ಲಿದ್ದಾಗ, 1985ರಲ್ಲಿ, ಬಾಯಿ ಅಗಲಿಸಿ ನಾಲಿಗೆ ಚಾಚಿದರೆ ಗಂಟಲು ಎಷ್ಟು ಕಾಣುತ್ತದೆ ಎಂಬುದರ ಮೇಲೆ ದರ್ಜೆ ಮಾಡಿಟ್ಟರು. ಈಗ ಅದರಲ್ಲಿ ನಾಲ್ಕು ದರ್ಜೆ. ನಾಲ್ಕನೆಯದಾದರೆ ಉಸಿರಾಟದ ಟ್ಯೂಬು ಇಳಿಸುವುದು ಕಷ್ಟವಾದೀತು ಎಂಬ ಮುನ್ಸೂಚನೆ. ದೊಡ್ಡ ಸರ್ ಇದನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋಗುವವರಲ್ಲ. ನಮ್ಮ ಡೀನ್ ಮಗಳ ಮದುವೆಯಲ್ಲಿ ಅಕ್ಷತೆ ಹಾಕಿ ಇಳಿಯುತ್ತ, "ಹುಡುಗ ಒಳ್ಳೆಯವನ ಥರ ಕಾಣ್ತಾನೆ. ಆದರೆ ಕತ್ತು ಗಿಡ್ಡ, ಗದ್ದ ಹಿಂದಕ್ಕೆ. ಟ್ಯೂಬ್ ಹಾಕೋದು ಕಷ್ಟ ಕಣ್ರೀ" ಎಂದರು.

ಆಪರೇಷನ್ನಿಗೆ ಮೊದಲಿನ ಫಿಟ್‌ನೆಸ್ ಎಂಬುದು ಅವರ ಸಾಮ್ರಾಜ್ಯ. ನಾನು ಕಳಿಸಿದ ಕೇಸ್ ಶೀಟು ವಾಪಸ್ಸು ಬರುವಾಗ ಕೆಂಪು ಶಾಯಿಯಲ್ಲಿ ತೋಯ್ದು ಬರುತ್ತಿತ್ತು. ಎಕೋ ಮಾಡಿಸಿ. ಎದೆ ರೋಗದವರ ಅಭಿಪ್ರಾಯ ತನ್ನಿ. ಮುಂದಿನ ಹಲ್ಲು ಅಲ್ಲಾಡುತ್ತಿದೆ, ದಂತ ವೈದ್ಯರಿಗೆ ತೋರಿಸಿ. "ಸಾರ್, ಸಣ್ಣ ಹರ್ನಿಯಾ" ಎಂದರೆ, "ಆಪರೇಷನ್ ಸಣ್ಣದಿರಬಹುದು, ಸಣ್ಣ ಅನಸ್ತೀಷಿಯಾ ಅಂತ ಯಾವುದೂ ಇಲ್ಲ" ಎನ್ನುವರು. ಆ ಕುಲದವರೆಲ್ಲ ಹೇಳುವ ಮಾತೇ ಇದು. ದೀಕ್ಷೆ ಕೊಡುವಾಗಲೇ ಕಿವಿಯಲ್ಲಿ ಊದಿ ಕಳಿಸುತ್ತಾರೋ ಏನೋ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದಿದ್ದದ್ದು ಕಾಫಿ ವಿಚಾರಣೆ.

ನಾಗಮಂಗಲದ ಕಡೆಯ ಯಜಮಾನರೊಬ್ಬರು, ಹರ್ನಿಯಾಕ್ಕೆಂದು ಬಂದವರು, ಟೇಬಲ್ಲಿನ ಮೇಲೆ ಮಲಗಿದ್ದಾರೆ. ಲಿಸ್ಟಿನಲ್ಲಿ ಮೊದಲ ಕೇಸು. ಅವಸರದ ಸ್ವಭಾವದವನಾದ ನಾನು ಆಗಲೇ ಕೈ ತೊಳೆದು, ಎರಡೂ ಕೈ ಎದೆಮಟ್ಟಕ್ಕೆ ಎತ್ತಿ ಪ್ರಸಾದಕ್ಕೆ ನಿಂತವನ ಹಾಗೆ ನಿಂತಿದ್ದೇನೆ.

"ಯಜಮಾನ್ರೇ, ರಾತ್ರಿಯಿಂದ ಏನಾದ್ರೂ ತಿಂದ್ರಾ?"

"ಇಲ್ಲ ಬುದ್ಧಿ. ಒಂದಗುಳು ಮುಟ್ಟಿಲ್ಲ."

"ನೀರು?"

"ಇಲ್ಲ ಬುದ್ಧಿ."

"ಕಾಫಿ?"

ಯಜಮಾನರು ಸೀಲಿಂಗು ನೋಡಿದರು. "ಕಾಫಿ ಏನು ಊಟವಾ ಬುದ್ಧಿ?"

ದೊಡ್ಡ ಸರ್ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡರು. ಹಾಲು ಹಾಕಿದ ಕಾಫಿಯೋ, ಬರೀ ಡಿಕಾಕ್ಷನ್ನೋ? ಲೋಟ ಎಷ್ಟು ದೊಡ್ಡದು? ಕಾಫಿ ಒಂದೇನಾ, ಜೊತೆಗೆ ಇನ್ನೇನಾದ್ರೂ? ಬಾಯಿ ಕಹಿ ಎಂದು ಒಂದು ಬನ್ನು. ಬನ್ನು ಒಂದೇನಾ? ಈ ಪ್ರಶ್ನೆಗೆ ಉತ್ತರ ಬಾರದಿದ್ದಾಗ ಹೊರಗೆ ಬೆಂಚಿನ ಮೇಲಿದ್ದ ಮಗಳನ್ನು ಬಾಗಿಲಿಗೆ ಕರೆಸಲಾಯಿತು. ಆಕೆ ಒಳಗೆ ಕಾಲಿಡುವ ಮೊದಲೇ, "ಚಿತ್ರಾನ್ನ ಬ್ಯಾಡ ಅಂತ ನಾನು ಬಡ್ಕೊಂಡೆ ಸಾ" ಎಂದಳು.

ಈ ಲೆಕ್ಕ ಥಿಯೇಟರಿನ ಗೋಡೆಗೂ ಬಾಯಿಪಾಠ. ನೀರು, ಹಾಲಿಲ್ಲದ ಕಾಫಿ ಟೀ ಆದರೆ 2 ಗಂಟೆ ಕಾಯಬೇಕು. ಹಾಲು, ಲಘು ತಿಂಡಿ ಆದರೆ 6. ಎಣ್ಣೆ ಜಿಡ್ಡು ಬಿದ್ದಿದ್ದರೆ 8. ಹಾಗಾಗಿ ಮುಂದಿನ ಪ್ರಶ್ನೆ, ಆಣೆ ಮಾಡಿ ಹೇಳುತ್ತೇನೆ, ಇದು: "ಒಗ್ಗರಣೆಗೆ ಎಣ್ಣೆ ಎಷ್ಟು ಹಾಕಿದ್ರಮ್ಮ?"

"ಎಷ್ಟು ಬೇಕೋ ಅಷ್ಟು ಸಾ. ಕಡ್ಲೆಬೀಜ ಜಾಸ್ತಿ ಹಾಕಿದ್ದೆ, ಅಪ್ಪಯ್ಯಂಗೆ ಇಷ್ಟ."

"ಎಷ್ಟು ಹೊತ್ತಿಗೆ ತಿಂದ್ರು?"

"ಧರ್ಮಸ್ಥಳದ ಬಸ್ಸು ಹೋಗೋ ಹೊತ್ತಿಗೆ."

ಆ ಬಸ್ಸು ಆಸ್ಪತ್ರೆ ಗೇಟಿನ ಮುಂದೆ ಹೋಗುವುದು ಮುಂಜಾನೆ ಪೌಣೆ ಆರಕ್ಕೆ ಎಂದು ವಾರ್ಡ್ ಬಾಯ್ ಹೇಳಿದ. ಅಷ್ಟಕ್ಕೆ ಮುಗಿಯಬೇಕಿತ್ತು. ದೊಡ್ಡ ಸರ್ ಅವನ ಕಡೆ ತಿರುಗಿ ಕೇಳಿದರು: "ಇವತ್ತು ಟೈಮಿಗೆ ಬಂದಿತ್ತಾ?"

"ಸೊಂಟಕ್ಕೆ ಕೊಡೋ ಇಂಜೆಕ್ಷನ್ ತಾನೇ ಸಾರ್? ಎಚ್ಚರವಾಗೇ ಇರ್ತಾರಲ್ಲ" ಎಂದು ನಾನು ಎತ್ತಿದ ಕೈ ಇಳಿಸದೆ ವಾದಿಸಿದೆ. "ಸ್ಪೈನಲ್ ಹಿಡೀಲಿಲ್ಲ ಅಂದ್ರೆ? ಅರ್ಧದಲ್ಲಿ ಪೂರ್ತಿ ಮಲಗಿಸಬೇಕಾಗಿ ಬಂದ್ರೆ?" ಎಂದವರೇ, ನನ್ನನ್ನು ಬಿಟ್ಟು ಪಿಜಿ ವಿದ್ಯಾರ್ಥಿಗಳ ಕಡೆ ತಿರುಗಿ, ಅಲ್ಲೇ ಪಾಠ ಶುರುಮಾಡಿದರು. ನ್ಯೂಯಾರ್ಕಿನ ಹೆರಿಗೆ ವೈದ್ಯ ಮೆಂಡೆಲ್‌ಸನ್, 1946ರ ಲೇಖನ, ಮತ್ತಿನಲ್ಲಿ ಹೆರುತ್ತಿದ್ದ ಹೆಂಗಸರ ಹೊಟ್ಟೆಯ ಹುಳಿ ಮೇಲೆದ್ದು ಶ್ವಾಸಕೋಶಕ್ಕೆ ಇಳಿದದ್ದು. ಎಚ್ಚರವಿರುವವನು ಕೆಮ್ಮಿ ಉಗುಳುತ್ತಾನೆ, ಮತ್ತಿನಲ್ಲಿರುವವನಿಗೆ ಕೆಮ್ಮೂ ಇಲ್ಲ. ಇದನ್ನೆಲ್ಲ ತದೇಕಚಿತ್ತದಿಂದ ಕೇಳಿದವರು ಯಜಮಾನರೊಬ್ಬರೇ. ಕೊನೆಗೆ ಅವರೇ, "ಹಂಗಾದ್ರೆ ಗುರುವಾರವೇ ಆಗಲಿ ಬುದ್ಧಿ" ಎಂದು ಎದ್ದು ಕೂತರು. ಬುಧವಾರ ರಾತ್ರಿ ಅವರ ಮಂಚದ ಪಕ್ಕ ನಾನೇ ಒಬ್ಬ ಇಂಟರ್ನ್ ಹುಡುಗನನ್ನು ಕಾವಲಿಗೆ ಹಾಕಿದೆ.

ಇಷ್ಟೆಲ್ಲ ವಿಚಾರಣೆ ನಡೆಸುವ ಮನುಷ್ಯರು ಎರಡು ಕೇಸಿನ ನಡುವೆ ಸ್ಟೀಲ್ ಲೋಟದಲ್ಲಿ ಸ್ಟ್ರಾಂಗ್ ಕಾಫಿ ಕುಡಿಯುತ್ತಿದ್ದರು. ಹಾಲು ಹಾಕಿದ್ದು. ಅದರ ಘಮ ಉಪವಾಸ ಕೂತ ಮುಂದಿನ ರೋಗಿಯವರೆಗೂ ಹೋಗುತ್ತಿತ್ತು.

ಆ ಗುರುವಾರವೂ ಸುಸೂತ್ರವಾಗಿ ಮುಗಿಯಲಿಲ್ಲ. ಟೀಚಿಂಗ್ ಆಸ್ಪತ್ರೆಯಲ್ಲಿ ರೋಗಿಗೆ ಎಷ್ಟು ಮತ್ತು ಕೊಟ್ಟರೂ ವಿದ್ಯಾರ್ಥಿಗೆ ಮಾತ್ರ ಎಚ್ಚರ ತಪ್ಪುವ ಅವಕಾಶವಿಲ್ಲ. ನಾನು ಈಚೆ ಹರ್ನಿಯಾದ ಚೀಲ ಬಿಡಿಸುತ್ತಿದ್ದರೆ ಪರದೆಯ ಆಚೆಯಿಂದ ದನಿ ಬರುತ್ತದೆ.

"ಈಗ ಕರೆಂಟ್ ಹೋಯ್ತು. ಏನು ಮಾಡ್ತೀಯಮ್ಮ?"

"ಜನರೇಟರ್ ಆನ್ ಆಗತ್ತೆ ಸಾರ್."

"ಆಗಲಿಲ್ಲ."

"ಮೆಷೀನಿಗೆ ಬ್ಯಾಟರಿ ಇದೆ ಸಾರ್."

"ಸತ್ತುಹೋಗಿದೆ. ಪೈಪಿನ ಆಕ್ಸಿಜನ್ನೂ ನಿಂತಿದೆ."

"ಸಿಲಿಂಡರ್ ಸಾರ್."

"ಖಾಲಿ."

ನನ್ನ ಕೈ ನಡುಗತೊಡಗಿತು. ಆ ಹುಡುಗಿ ಗಟ್ಟಿಗಿತ್ತಿ, "ಆಂಬು ಬ್ಯಾಗ್ ಸಾರ್, ಕೈಯಲ್ಲಿ ಒತ್ತಿ ಉಸಿರು ಕೊಡ್ತೀನಿ" ಎಂದಳು.

"ಭೇಷ್. ಎಲ್ಲಿದೆ ತೋರಿಸು."

ತಡಕಾಡುವ ಸದ್ದು. ಡ್ರಾಯರು ಎಳೆಯುವ ಸದ್ದು.

"ಹುಡುಕು, ಹುಡುಕು. ನೀನು ಹುಡುಕೋ ಅಷ್ಟರಲ್ಲಿ ಯಜಮಾನ್ರು ಹೋದ್ರು."

ಸೊಂಟದ ಕೆಳಗಷ್ಟೇ ಮರಗಟ್ಟಿ, ಮಿಕ್ಕಂತೆ ಪೂರಾ ಎಚ್ಚರವಾಗಿದ್ದ ಯಜಮಾನರು ಪರದೆಯ ಆಚೆಯಿಂದ ಕೇಳಿದರು: "ಎಲ್ಲಿಗೆ ಬುದ್ಧಿ?"

ಸರ್ಜನ್ನರಿಗೂ ಇವರಿಗೂ ಇರುವ ವೈಮನಸ್ಸು ಹಳೆಯದು. ಹೊಟ್ಟೆ ಬಿಗಿಯಾಗಿದೆ, ಸಡಿಲ ಮಾಡಿ ಎಂದು ನಾವು. ಸಡಿಲವಾಗೇ ಇದೆ, ನೀವು ಗೀರಿದ್ದು ಚಿಕ್ಕದಾಯಿತು ಎಂದು ಅವರು. ಇನ್ನೆಷ್ಟು ಹೊತ್ತು ಎಂದು ಅವರು ಕೇಳುತ್ತಾರೆ, ಹತ್ತೇ ನಿಮಿಷ ಎಂದು ನಾನು ಹೇಳುತ್ತೇನೆ, ಅದನ್ನು ಮೂರರಿಂದ ಗುಣಿಸಿ ಅವರು ಬರೆದುಕೊಳ್ಳುತ್ತಾರೆ. ಗುಣಿಸಿದ್ದು ಎಂದೂ ಹೆಚ್ಚಾಗಿಲ್ಲ. ರಕ್ತ ಎಷ್ಟು ಹೋಯಿತು ಎಂಬ ವಿಷಯದಲ್ಲಿ ನಾನು ಬಾಯಲ್ಲಿ ಹೇಳುವ ಅಂಕಿಗೂ ಅವರು ಬಟ್ಟೆ ಎಣಿಸಿ ಬಾಟಲಿ ನೋಡಿ ಬರೆಯುವ ಅಂಕಿಗೂ ಸಂಬಂಧವೇ ಇರುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಅಕ್ಟೋಬರ್ 16ಕ್ಕೆ, ಅವರ ವಿಭಾಗದಲ್ಲಿ ಕೇಕು ಕತ್ತರಿಸುತ್ತಾರೆ. 1846ರ ಆ ದಿನ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಮಾರ್ಟನ್ ಎಂಬಾತ ಈಥರ್ ಮೂಸಿಸಿ, ವಾರೆನ್ ಎಂಬ ಸರ್ಜನ್ ಕತ್ತಿನ ಗಡ್ಡೆಯ ಆಪರೇಷನ್ ಮಾಡಿದ್ದು. ದೊಡ್ಡ ಸರ್ ಕೇಕಿನ ಚೂರು ನನ್ನ ಕೈಗಿಡುತ್ತ ತಪ್ಪದೆ ಹೇಳುವರು: "ಅದಕ್ಕೂ ಮುಂಚೆ ನಿಮ್ಮವರಿಗೆ ಬೇಕಾಗಿದ್ದು ಒಂದು ಕತ್ತಿ, ರೋಗೀನ ಅದುಮಿ ಹಿಡಿಯೋಕೆ ನಾಲ್ಕು ಜನ ಗಟ್ಟಿಮುಟ್ಟಾದೋರು." ಮಾರ್ಟನ್ ಹಲ್ಲಿನ ಡಾಕ್ಟರಾಗಿದ್ದನೆಂದು ಓದಿ ತಿಳಿದುಕೊಂಡು, "ಹಾಗಾದ್ರೆ ಕೇಕು ಪಕ್ಕದ ಡೆಂಟಲ್ ಕಾಲೇಜಿಗೆ ಹೋಗಬೇಕಿತ್ತಲ್ಲ ಸಾರ್" ಎಂದೆ ಒಮ್ಮೆ. ಮರುವರ್ಷ ನನ್ನ ಚೂರು ಸಣ್ಣದಿತ್ತು. ಕೇಕಿನ ಜೊತೆ ಹೈದರಾಬಾದಿನ ಕಥೆಯೂ ಬರುತ್ತದೆ: ಕ್ಲೋರೋಫಾರಂ ಹೃದಯವನ್ನು ನಿಲ್ಲಿಸುತ್ತದೋ ಉಸಿರನ್ನೋ ಎಂದು ತಿಳಿಯಲು 1888 ಮತ್ತು 1889ರಲ್ಲಿ ಅಲ್ಲಿ ಎರಡು ಕಮಿಷನ್ ಕೂತದ್ದು, ನಿಜಾಮರು ದುಡ್ಡು ಕೊಟ್ಟದ್ದು, ನಾಯಿ ಕೋತಿಗಳು ಪ್ರಾಣ ಕೊಟ್ಟದ್ದು.

ಅವರ ಕಿವಿಯ ಬಗ್ಗೆ ಮಾತ್ರ ಕೊಂಕು ಮಾತಾಡಲಾರೆ. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರು, ಜಪಾನಿನ ಅಓಯಾಗಿ ಎಂಬ ಇಂಜಿನಿಯರ್ 1970ರ ದಶಕದಲ್ಲಿ ಕಂಡುಹಿಡಿದ ತತ್ವದ್ದು, ಪ್ರತಿ ಬಡಿತಕ್ಕೂ ಒಂದು ಸದ್ದು ಮಾಡುತ್ತದೆ. ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾದಂತೆ ಆ ಸದ್ದಿನ ಶ್ರುತಿ ಇಳಿಯುತ್ತದೆ. ಬೆನ್ನು ತಿರುಗಿಸಿಕೊಂಡು ಯಾರಿಗೋ ಫೋನಿನಲ್ಲಿ ಬೈಯುತ್ತಿರುವಾಗಲೂ ಶ್ರುತಿ ಕೂದಲೆಳೆಯಷ್ಟು ಇಳಿದರೆ ಬೈಗುಳ ಅರ್ಧಕ್ಕೇ ನಿಲ್ಲುತ್ತಿತ್ತು. ಆ ಕ್ಷಣ ನಮ್ಮ ಕೈಗಳೂ ತಾವಾಗಿ ನಿಲ್ಲುತ್ತಿದ್ದವು. ಅವರು ಏನೋ ಸರಿಮಾಡುವರು, ಸದ್ದು ಮೇಲೇರುವುದು, ಬೈಗುಳ ಬಿಟ್ಟಲ್ಲಿಂದ ಮುಂದುವರಿಯುವುದು. ಮನೆಗೆ ಹೋಗುವಾಗ ರೋಗಿಗಳು ಹಲಸಿನ ಹಣ್ಣು, ತೆಂಗಿನಕಾಯಿ, ತುಪ್ಪದ ಬಾಟಲಿ ತಂದುಕೊಡುವುದು ನನಗೆ. ಹೊಲಿಗೆ ನನ್ನದಲ್ಲವೇ, ಅದು ಕಾಣುತ್ತದೆ. ಏನೂ ಆಗದಂತೆ ನೋಡಿಕೊಂಡದ್ದಕ್ಕೆ ಯಾರು ಹಲಸಿನ ಹಣ್ಣು ಹೊರುತ್ತಾರೆ? ಎಷ್ಟೋ ಜನಕ್ಕೆ ಅವರ ಮುಖವೂ ನೆನಪಿರುತ್ತಿರಲಿಲ್ಲ. ಮಲಗಿಸುವ ಮುನ್ನ ಭಯ ಕಳೆಯಲೆಂದು ಕೊಡುವ ಮಿಡಜೊಲಾಮ್ ಆಮೇಲಿನ ನೆನಪನ್ನೇ ಒರೆಸಿಹಾಕುತ್ತದೆ.

ಇದರಿಂದ ಅವರಿಗೊಂದು ವಿಚಿತ್ರ ಸಂಕಟವಿತ್ತು. ಪೂರ್ತಿ ಮಲಗಿಸುವ ಕೇಸಾದರೆ ರೋಗಿಯ ತಲೆ ನೇವರಿಸುತ್ತ "ನಿಮ್ಮೂರು ಯಾವುದು?" ಎಂದು ಮಾತಿಗೆಳೆಯುವರು. ಔಷಧಿ ಏರುತ್ತಿದ್ದಂತೆ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಹೀಗೆ ಸುತ್ತಲಿನ ತಾಲ್ಲೂಕುಗಳ ಅರ್ಧರ್ಧ ಕಥೆಗಳೆಲ್ಲ ಅವರ ತಲೆಯಲ್ಲಿ ತುಂಬಿಕೊಂಡಿದ್ದವು. ಬೂಕನ ಬೆಟ್ಟದ ದನದ ಜಾತ್ರೆಯಲ್ಲಿ ಎತ್ತು ಮಾರಿದ ಒಬ್ಬರು, "ದಲ್ಲಾಳಿ ಟವೆಲ್ ಅಡೀಲಿ ಬೆರಳು ಹಿಡ್ಕೊಂಡು ಎಷ್ಟು ಅಂದ ಅಂದ್ರೆ ಬುದ್ಧೀ..." ಎಂದು ನಿದ್ದೆ ಹೋದರು. ಆ ಆಪರೇಷನ್ ಉದ್ದಕ್ಕೂ ದೊಡ್ಡ ಸರ್, "ಎಷ್ಟು ಅಂದಿರಬಹುದು ಕಣ್ರೀ?" ಎಂದು ಪರದೆಯ ಮೇಲಿಂದ ನನ್ನನ್ನು ಪೀಡಿಸಿದರು. ಮರುದಿನ ವಾರ್ಡಿಗೇ ಹೋಗಿ ಕೇಳಿದರು. ರೋಗಿ ಬೆಚ್ಚಿಬಿದ್ದು, ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ಓರೆಗಣ್ಣಲ್ಲಿ ನೋಡಿ, "ಎತ್ತಾ? ಯಾವ ಎತ್ತು? ನಾನೆಲ್ಲಿ ಮಾರಿದ್ದೀನಿ?" ಎಂದ. ದೊಡ್ಡ ಸರ್ ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ಬಂದರು. ಅವರು ನಿಜವಾಗಿ ಬೇಜಾರಾದದ್ದನ್ನು ನಾನು ಕಂಡದ್ದು ಅಂದೇ.

ಕೊನೆಗೆ ನನ್ನ ಪಿತ್ತಕೋಶದಲ್ಲೂ ಕಲ್ಲು ಬೆಳೆದು ನಾನೇ ಆ ಟೇಬಲ್ಲಿನ ಮೇಲೆ ಮಲಗುವಂತಾಯಿತು. ಬಾಯಿ ತೆರೆಸಿ ನೋಡಿ "ಮೂರನೇ ದರ್ಜೆ" ಎಂದು ಪಿಜಿಗಳ ಮುಂದೆ ಘೋಷಿಸಿದರು. ಏನೂ ಕುಡಿದಿಲ್ಲ ಎಂದು ನಾನು ಹೇಳಿದ ಮೇಲೂ ಹೊರಗೆ ಹೋಗಿ ನನ್ನ ಹೆಂಡತಿಯನ್ನು ಕೇಳಿಕೊಂಡು ಬಂದರು. ಹಾಲಿನ ಬಣ್ಣದ ಪ್ರೊಪೊಫಾಲ್ ಸಿರಿಂಜು ಎತ್ತಿದಾಗ, ಏನೇ ಆದರೂ ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿಕೊಂಡೆ. "ಸ್ವಲ್ಪ ಕೈ ಉರಿಯತ್ತೆ ಡಾಕ್ಟ್ರೇ" ಎಂದರು. ನನ್ನ ನೆನಪು ಅಲ್ಲಿಗೆ ಮುಗಿಯುತ್ತದೆ.

ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ವಾರ್ಡಿಗೆ ಬಂದವರು ಕುರ್ಚಿ ಎಳೆದುಕೊಂಡು, "ಹೇಳಿ, ಆಮೇಲೆ ಏನಾಯ್ತು?" ಎಂದರು.

"ಯಾವುದು ಸಾರ್?"

ಅವರು ನನ್ನನ್ನು ನೋಡಿದರು. ಕಿತ್ತಳೆ ಸುಲಿಯುತ್ತ ಕೂತಿದ್ದ ನನ್ನ ಹೆಂಡತಿಯನ್ನು ನೋಡಿದರು. "ಇರಲಿ ಬಿಡಿ, ಇನ್ನೊಮ್ಮೆ ಹೇಳುವಿರಂತೆ" ಎಂದು ಎದ್ದೇಬಿಟ್ಟರು. ಆ ದಿನ ತಲೆಯ ಕಡೆ ನಿಂತಿದ್ದ ಪಿಜಿ ಹುಡುಗಿ ಈಗ ಅದೇ ವಿಭಾಗದಲ್ಲಿ ಕನ್ಸಲ್ಟೆಂಟು. ನನ್ನನ್ನು ಕಂಡರೆ ಮಾಸ್ಕಿನೊಳಗೇ ನಗುತ್ತಾಳೆ, ಕೇಳಿದರೆ "ಏನಿಲ್ಲ ಸಾರ್" ಎನ್ನುತ್ತಾಳೆ. ದೊಡ್ಡ ಸರ್ ನಿವೃತ್ತರಾಗಿ ಊರು ಸೇರಿದ್ದಾರೆ. ನಾನು ಯಾವಾಗ ಫೋನು ಮಾಡಿದರೂ, "ನೀವೇ ನೆನಪು ಮಾಡಿಕೊಳ್ಳಿ, ಅರ್ಧ ನನ್ನ ಹತ್ರ ಇದೆ" ಎನ್ನುತ್ತಾರೆ. ಹೋದ ವಾರ ನನ್ನ ಹೆಂಡತಿ ಅವರ ನಂಬರು ಕೇಳಿದಳು. ಹುಡುಕಿ ಕೊಡುತ್ತೇನೆ ಎಂದಿದ್ದೇನೆ.