ಒಂದು ತಿಂಗಳ ಬಾಡಿಗೆ

ರಿಟೈರಾದ ಮೇಲೆ ಹನುಮಂತನಗರದಲ್ಲಿ ನನ್ನ ಸ್ವಯಾರ್ಜಿತ ಆಸ್ತಿಯೆಂದರೆ ಸುದ್ದಿ. ಯಾರ ಮಹಡಿ ಖಾಲಿಯಾಗುತ್ತಿದೆ, ಯಾರ ಮಗ ಅಮೆರಿಕದಿಂದ ಫೋನು ಮಾಡಿ ‘ಮಾರಿಬಿಡಿ’ ಅಂದ, ಯಾವ ಅಣ್ಣತಮ್ಮಂದಿರ ಪಾಲುಪಾರೀಕತ್ತು ಇನ್ನೂ ಬಗೆಹರಿದಿಲ್ಲ, ಎಲ್ಲವೂ ರಾಮಾಂಜನೇಯ ಗುಡ್ಡ ಹತ್ತಿ ಇಳಿಯುವುದರೊಳಗೆ ಕಿವಿಗೆ ಬಿದ್ದಿರುತ್ತದೆ. “ಪುಕ್ಕಟೆ ಹಂಚ್ತೀರಲ್ಲ ಭಾವ, ಬ್ರೋಕರ್ ಆಗಿಬಿಡಿ” ಎಂದ ಭಾಮೈದ.

ಲೆಕ್ಕವೇನೋ ಚೆನ್ನಾಗಿತ್ತು. ಬಾಡಿಗೆ ಮನೆ ಹಿಡಿಸಿಕೊಟ್ಟರೆ ಒಂದು ತಿಂಗಳ ಬಾಡಿಗೆ, ಮಾರಿಸಿದರೆ ನೂರಕ್ಕೆ ಒಂದೋ ಎರಡೋ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಹೊಸ ಪ್ರಾಜೆಕ್ಟುಗಳ ಫ್ಲಾಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿಕೊಳ್ಳಬೇಕು. ನಮ್ಮ ಬೀದಿಯಲ್ಲಿ ಹೊಸದಾಗಿ ಏಳುವುದು ಗಣಪತಿ ಪೆಂಡಾಲ್ ಒಂದೇ. ಹಳೇ ಮನೆ ಬಾಡಿಗೆಗೆ ಕೊಡಿಸಲು ನಾಲಿಗೆಯಿದ್ದರೆ ಸಾಕು.

ತೊಡಕಿರುವುದು ಆ ನಾಲಿಗೆಯಲ್ಲೇ. ಎದುರುಮನೆ ರಾಯರ ಮಹಡಿಯನ್ನು ಯಾವ ಬಾಯಿಂದ ಹೊಗಳಲಿ? ಮಳೆಗಾಲದಲ್ಲಿ ಬಚ್ಚಲುಮನೆ ಗೋಡೆ ಒಸರುತ್ತದೆ. ಮೋಟರ್ ಸ್ವಿಚ್ಚು ಕೆಳಗೆ ರಾಯರ ಅಡುಗೆಮನೆಯಲ್ಲಿದೆ, ಮೈಗೆ ಸೋಪು ಹಚ್ಚಿಕೊಂಡ ಬಾಡಿಗೆದಾರ “ಸಾರ್, ಮೋಟರ್!” ಎಂದು ಕೂಗುವುದು ನಮ್ಮ ಬೀದಿಯ ಸುಪ್ರಭಾತ. ಇದನ್ನು ಬಾಯಿಬಿಟ್ಟರೆ ರಾಯರು ನನ್ನ ಮುಖ ನೋಡುವುದಿಲ್ಲ. ಬಿಡದಿದ್ದರೆ ಬಾಡಿಗೆಗೆ ಬಂದವರು ನೋಡುತ್ತಾರೆ, ದಿನಾ ಬೆಳಿಗ್ಗೆ, ಹಾಲಿನ ಬೂತಿನಲ್ಲಿ. ಬೇರೆ ಬ್ರೋಕರು ಕಮಿಷನ್ ಎಣಿಸಿಕೊಂಡು ಮಾಯವಾಗಬಹುದು. ನಾನು ಮಾಯವಾದರೂ ಆಗಬೇಕಾದದ್ದು ಬಾಡಿಗೆದಾರರ ಎದುರಿಗಿರುವ ನನ್ನ ಮನೆಯೊಳಕ್ಕೆ.

ಮಾರಾಟದ ದಲ್ಲಾಳಿಕೆಯಂತೂ ನನ್ನಿಂದಾಗದು. ಖಾತೆ, ಇ.ಸಿ. ಕೇಳಿದರೆ ಯಾರೂ ಬೇಸರಪಡುವುದಿಲ್ಲ. ವಂಶವೃಕ್ಷ ಕೇಳಬೇಕಲ್ಲ! ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. “ನಿಮ್ಮ ಅಕ್ಕಂದಿರು ಸಹಿ ಹಾಕೋಕೆ ಬರ್ತಾರಾ?” ಎಂದು ಮೂಲೆಮನೆಯವರನ್ನು ಕೇಳಿದವನಿಗೆ ಅವರ ಮನೆ ಸತ್ಯನಾರಾಯಣ ಪೂಜೆಯ ಸಜ್ಜಿಗೆ ಮತ್ತೆ ಸಿಕ್ಕೀತೇ? ಆ ಮನೆಯ ಸಜ್ಜಿಗೆ ಒಂದು ಪರ್ಸೆಂಟಿಗೆ ಬಿಟ್ಟುಕೊಡುವಂಥದ್ದಲ್ಲ.

ಇಷ್ಟಾಗಿ ದುಡ್ಡಾದರೂ ಕೈಗೆ ಬರುತ್ತದೆಯೇ? “ನಿಮಗೆಂಥಾ ಕಮಿಷನ್ನು, ನಮ್ಮೋರೇ ಅಲ್ವಾ, ಕಾಫಿ ಕುಡೀರಿ” ಅನ್ನುತ್ತಾರೆ. ಆ ಕಾಫಿ ಈಗಲೂ ಸಿಗುತ್ತಿದೆ, ಜೊತೆಗೆ ಕೋಡುಬಳೆಯೂ. ಬ್ರೋಕರ್ ಆದರೆ ಕೋಡುಬಳೆ ನಿಲ್ಲುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

“ಹಾಗಾದರೆ ಶ್ರೀನಗರದಲ್ಲಿ ಶುರುಮಾಡಿ. ಅಲ್ಲಿ ಯಾವ ಗೋಡೆ ಒಸರುತ್ತೆ ಅಂತ ನಿಮಗೆ ಗೊತ್ತಿಲ್ಲವಲ್ಲ” ಎಂದಳು ಹೆಂಡತಿ. ಮಾತು ಸರಿಯೆನಿಸಿ ಸಂಜೆಯೇ ಹೊರಟೆ. ಅಲ್ಲಿ ಕಂಡದ್ದನ್ನೆಲ್ಲ ಧೈರ್ಯವಾಗಿ ಹೊಗಳಬಹುದು ಎಂಬ ಹುಮ್ಮಸ್ಸಿನಲ್ಲಿ ಟು-ಲೆಟ್ ಬೋರ್ಡೊಂದರ ಎದುರಿನ ಅಂಗಡಿಯಲ್ಲಿ ಬೈ-ಟೂ ಕಾಫಿ ಹೇಳಿದೆ. ಇನ್ನರ್ಧ ಕುಡಿಯಲು ಸಿಕ್ಕ ಹಿರಿಯರು ಆ ಬೋರ್ಡಿನತ್ತ ಗದ್ದ ತೋರಿಸಿ, ದನಿ ತಗ್ಗಿಸಿ, “ಆ ಮನೆ ವಿಷಯ ಗೊತ್ತಾ?” ಅಂದರು. ಕುರ್ಚಿ ಹತ್ತಿರ ಎಳೆದುಕೊಂಡೆ.